ನಿತ್ಯಸಮೀಕರಣಗಳನ್ನು ಸಾಧಿಸುವ ಕ್ರಮ

ತ್ರಿಕೋನಮಿತಿಯಲ್ಲಿ ‘ಸಾಧಿಸಿ’ ಎಂಬ ಪದವನ್ನು ಕಂಡೊಡನೆ ಅನೇಕ ವಿದ್ಯಾರ್ಥಿಗಳು ಕೊಟ್ಟ ಸಮೀಕರಣವನ್ನೇ ಬರೆದುಕೊಂಡು ಅಡ್ಡ ಗುಣಾಕಾರಕ್ಕೆ ತೊಡಗುತ್ತಾರೆ. ಕೊನೆಗೆ ಎರಡು ಕಡೆಯೂ ಒಂದೇ ಬಂದಿತೆಂದು ತೃಪ್ತರಾಗುತ್ತಾರೆ. ಸಾಧಿಸಬೇಕಾದುದನ್ನೇ ಸತ್ಯವೆಂದು ಮೊದಲೇ ಒಪ್ಪಿಕೊಂಡ ವಾದವಿದು. ಇದರ ಅಪಾಯವನ್ನು ತೋರಿಸುವುದು ಸುಲಭ. ಸೈನ್ ಕ = −ಸೈನ್ ಕ ಎಂದು ಆರಂಭಿಸಿ ಎರಡು ಕಡೆಯನ್ನೂ ವರ್ಗ ಮಾಡೋಣ. ಸೈನ್² ಕ = ಸೈನ್² ಕ ಎಂದು ಬರುತ್ತದೆ. ಕೊನೆಯ ಮಾತು ನಿಜ. ಆದರೆ 30° ಕೋನಕ್ಕೆ ಮೊದಲನೆಯದು ಶುದ್ಧ ಸುಳ್ಳು.

ಒಂದೆರಡು ಬೆಲೆಗಳನ್ನಿಟ್ಟು ನೋಡಿದರೆ ಸಾಲದೆ ಎಂದು ಜಾಣ ಹುಡುಗರು ಕೇಳುವುದುಂಟು. ಸೈನ್ ಕ + ಕೋಸ್ ಕ = 1 ಎಂಬುದು 0° ಮತ್ತು 90° ಎರಡಕ್ಕೂ ಹೊಂದುತ್ತದೆ; 30°ಗೆ ಮೊತ್ತ ಸುಮಾರು 1.366. ಬೆಲೆಯಿಟ್ಟು ನೋಡುವುದರಿಂದ ಸುಳ್ಳನ್ನು ಹಿಡಿಯಬಹುದೇ ಹೊರತು ನಿಜವನ್ನು ಸಾಧಿಸಲಾಗದು.

ಸರಿಯಾದ ಕ್ರಮಕ್ಕೆ ಒಂದು ಉದಾಹರಣೆ: ಕೋಸ್ ಕ/(1 − ಸೈನ್ ಕ) = (1 + ಸೈನ್ ಕ)/ಕೋಸ್ ಕ ಎಂದು ಸಾಧಿಸಬೇಕಾಗಿದೆ. ಇಲ್ಲಿ ಕೋಸ್ ಕ ಸೊನ್ನೆಯಲ್ಲ. ಎಡಭಾಗವನ್ನು ಮಾತ್ರ ತೆಗೆದುಕೊಳ್ಳೋಣ. ಬಲಭಾಗದ ಅಂಶದಲ್ಲಿ (1 + ಸೈನ್ ಕ) ಇರುವುದೇ ನಮಗೆ ಸೂಚನೆ. ಆದುದರಿಂದ ಅಂಶ ಛೇದಗಳೆರಡನ್ನೂ ಅದರಿಂದಲೇ ಗುಣಿಸುತ್ತೇವೆ.

= ಕೋಸ್ ಕ (1 + ಸೈನ್ ಕ)/(1 − ಸೈನ್² ಕ)
= ಕೋಸ್ ಕ (1 + ಸೈನ್ ಕ)/ಕೋಸ್² ಕ, ಏಕೆಂದರೆ ಸೈನ್² ಕ + ಕೋಸ್² ಕ = 1
= (1 + ಸೈನ್ ಕ)/ಕೋಸ್ ಕ = ಬಲಭಾಗ.

ಈ ‘ಏಕೆಂದರೆ’ಯನ್ನು ಬರೆಯಿಸದೆ ಬಿಡಬಾರದೆಂದು ನಮ್ಮ ಅಭಿಪ್ರಾಯ. ಚಿಹ್ನೆಗಳು ಮಲಯಾಳ, ಮರಾಠಿ, ತಮಿಳು ಶಾಲೆಗಳಲ್ಲಿಯೂ ಇವೇ. ಹೆಜ್ಜೆ ಹೆಜ್ಜೆಗೂ ಕೊಡುವ ಕಾರಣವು ಮಾತ್ರ ಭಾಷೆಯದು. ಗಡಿನಾಡಿನ ನಮ್ಮ ಮಕ್ಕಳು ಅದನ್ನು ಕನ್ನಡದಲ್ಲಿ ಬರೆಯಲಾರದೆ ಹೋದರೆ, ಕನ್ನಡದಲ್ಲಿ ಗಣಿತ ಕಲಿತರೆಂದು ಹೇಳಲಾಗುವುದಿಲ್ಲ. (ಸೈನ್ ಎಂಬ ಪದವೂ ನಮಗೆ ತೀರ ಪರಕೀಯವಲ್ಲ: ಬಿಲ್ಲಿನ ಹೆದೆ ಎಂಬರ್ಥದ ‘ಜ್ಯಾ’ ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನಿನಲ್ಲಿ ಅನುವಾದಗೊಂಡು ಬಂದದ್ದು.)

ವರ್ಗಮೂಲ ಬಂದಲ್ಲಿ ಇನ್ನೂ ಎಚ್ಚರ ಬೇಕು. √(1 − ಸೈನ್² ಕ) = ಕೋಸ್ ಕ ಎಂದು ಬರೆಯುವುದು ಲಘುಕೋನಗಳಿಗೆ ಸರಿ. ಕೋನವು 120° ಆದರೆ ಎಡಭಾಗ 1/2, ಬಲಭಾಗ −1/2. ಹತ್ತನೆಯ ತರಗತಿಯಲ್ಲಿ ಲಘುಕೋನಗಳೇ ಹೆಚ್ಚಾಗಿ ಬರುವುದರಿಂದ ಈ ತೊಡಕು ಕಾಣಿಸಿಕೊಳ್ಳುವುದಿಲ್ಲ. ‘ಕ ಲಘುಕೋನವಾಗಿರಲಿ’ ಎಂಬ ಒಂದು ಸಾಲನ್ನು ಅಲ್ಲಿಯೇ ರೂಢಿ ಮಾಡಿಸಿದರೆ ಮುಂದಿನ ತರಗತಿಯ ಅಧ್ಯಾಪಕರಿಗೆ ಅರ್ಧ ಶ್ರಮ ಉಳಿಯುತ್ತದೆ.