ಕಾಯಕದಲ್ಲಿ ಉಸಿರಿನ ಅರಿವು



ಸೂಜಿಗೆ ದಾರ ಪೋಣಿಸುವಾಗ ನಮ್ಮ ಉಸಿರು ಏನು ಮಾಡುತ್ತದೆ ಎಂಬುದನ್ನು ಯಾರಾದರೂ ಗಮನಿಸಿದ್ದೀರಾ? ದಾರದ ತುದಿ ಸೂಜಿಯ ಕಣ್ಣಿಗೆ ಹತ್ತಿರವಾಗುತ್ತಲೇ ಉಸಿರು ತಾನಾಗಿಯೇ ನಿಲ್ಲುತ್ತದೆ. ದಾರ ಒಳಗೆ ಹೋಯಿತೋ, ಒಂದು ದೀರ್ಘವಾದ ಉಸಿರು ಹೊರಗೆ ಬರುತ್ತದೆ. ಹೀಗೆ ಮಾಡೆಂದು ನಮಗೆ ಯಾರೂ ಕಲಿಸಿದವರಿಲ್ಲ. ಸಿಟ್ಟು ಬಂದರೆ ಉಸಿರು ಬಿರುಸಾಗುತ್ತದೆ, ಭಯವಾದರೆ ಏದುಸಿರು ಬರುತ್ತದೆ. ಮನಸ್ಸು ಹೇಗೋ ಉಸಿರು ಹಾಗೆ. ಇದನ್ನು ಎಲ್ಲರೂ ಬಲ್ಲರು. ಯೋಗಿಗಳು ಇದನ್ನೇ ತಿರುಗಿಸಿ ನೋಡಿದರು. ಉಸಿರನ್ನು ಹಿಡಿದು ಮೆಲ್ಲಗೆ ನಡೆಸಿದರೆ ಮನಸ್ಸೂ ಅದರ ಹಿಂದೆ ಬರುತ್ತದೆಂದು ಕಂಡುಕೊಂಡರು. ಮನಸ್ಸನ್ನು ನೇರವಾಗಿ ಹಿಡಿಯುತ್ತೇನೆಂದರೆ ಅದಕ್ಕೆ ಕೊಂಬಿಲ್ಲ, ಕೊರಳಿಲ್ಲ, ಎಲ್ಲಿ ಹಿಡಿಯುವುದು? ಉಸಿರೇ ಅದರ ಮೂಗುದಾರ.

ಪತಂಜಲಿ ಮಹರ್ಷಿಗಳು ಯೋಗದ ಎಂಟು ಅಂಗಗಳಲ್ಲಿ ಪ್ರಾಣಾಯಾಮವನ್ನು ನಾಲ್ಕನೆಯದಾಗಿ ಇಟ್ಟರು. ಮನಸ್ಸನ್ನು ಒಂದೆಡೆ ನಿಲ್ಲಿಸುವ ಧಾರಣೆ ಆರನೆಯದು. ಪ್ರಾಣಾಯಾಮದಿಂದ ಮನಸ್ಸಿಗೆ ಧಾರಣೆಯ ಯೋಗ್ಯತೆ ಬರುತ್ತದೆಂಬುದು ಅವರ ಅಭಿಪ್ರಾಯ. ಆದರೆ ನಮ್ಮ ಜನ ಇದನ್ನೆಲ್ಲ ಪೂಜೆಯ ಕೋಣೆಯಲ್ಲಿ ಬಿಟ್ಟು, ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾರೆ. ಕಾಯಕವೇ ಪೂಜೆಯೆಂದು ಒಪ್ಪಿದವರು ಕಾಯಕದ ಹೊತ್ತಿನಲ್ಲಿ ಮನಸ್ಸನ್ನು ಎಲ್ಲೋ ಬಿಟ್ಟಿರಬಹುದೇ?

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ದಾದಿಯನ್ನು ನೆನೆಯಿರಿ. ಬೆಳಗಿನ ಜಾವ ಮೂರು ಗಂಟೆ. ಕೈಯಲ್ಲಿ ಔಷಧಿಯ ಶೀಶೆ. ಅತ್ತ ಒಬ್ಬ ರೋಗಿ ನರಳುತ್ತಾನೆ, ಇತ್ತ ಫೋನು ಬಾರಿಸುತ್ತದೆ, ಮನೆಯಲ್ಲಿ ಮಗುವಿಗೆ ಜ್ವರ. ಅರ್ಧ ಮಿಲಿ ಹೋಗಬೇಕಾದಲ್ಲಿ ಐದು ಮಿಲಿ ಹೋದರೆ ಏನಾದೀತು? ಅವಳಿಗೆ ವಿದ್ಯೆ ಇದೆ, ಅನುಭವವೂ ಇದೆ. ಆ ಒಂದು ಗಳಿಗೆಗೆ ಬೇಕಾದದ್ದು ಗಮನ. ಮೂರು ಉಸಿರು ನಿಧಾನವಾಗಿ ಬಿಟ್ಟು, ಶೀಶೆಯ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದಿದರೆ ಅರ್ಧ ನಿಮಿಷ ಹೋಗುತ್ತದೆ, ಅಷ್ಟೇ.

ಇದು ಬರೀ ನಂಬಿಕೆಯ ಮಾತೇ ಎಂದು ಓದಿದ ತರುಣರು ನಮ್ಮನ್ನು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸುಮ್ಮನೆ ಕುಳಿತ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಉಸಿರು ಒಳಗೆ ಬರುವಾಗ ಎದೆಬಡಿತ ಕೊಂಚ ಚುರುಕಾಗುತ್ತದೆ, ಹೊರಗೆ ಹೋಗುವಾಗ ಕೊಂಚ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ಎಂಬ ನರವು ಅದಕ್ಕೆ ಕಡಿವಾಣ ಹಾಕುತ್ತದೆ. ಆದ್ದರಿಂದಲೇ ರೇಚಕ ಉದ್ದವಾದಷ್ಟೂ ಶರೀರ ತಣಿಯುತ್ತದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳ ಮಿದುಳಿನಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಉಸಿರಿನ ಲಯ ಹುಟ್ಟುವ ಜಾಗದಲ್ಲಿಯೇ ಕೆಲವು ಜೀವಕೋಶಗಳಿವೆ. ಅವು ಉಸಿರಿನ ಸುದ್ದಿಯನ್ನು ಎಚ್ಚರವನ್ನು ಕಾಯುವ ಭಾಗಕ್ಕೆ ಮುಟ್ಟಿಸುತ್ತವೆ. ಆ ಕೋಶಗಳನ್ನು ತೆಗೆದಾಗ ಇಲಿಗಳ ಉಸಿರಾಟ ನಿಲ್ಲಲಿಲ್ಲ, ಆದರೆ ಅವುಗಳ ಚಡಪಡಿಕೆ ಇಳಿಯಿತು. ಇಲಿಯ ಮಾತನ್ನು ಹಾಗೆಯೇ ಮನುಷ್ಯನಿಗೆ ಹಚ್ಚುವುದು ಬೇಡ. ಆದರೂ ಉಸಿರಿನ ಮನೆಗೂ ಎಚ್ಚರದ ಮನೆಗೂ ನಡುವೆ ಬಾಗಿಲೊಂದು ಇದೆಯೆಂದು ತಿಳಿದಂತಾಯಿತು.

ಮಾಡುವ ಕ್ರಮ ಬಲು ಸುಲಭ. ಬೆನ್ನು ನೆಟ್ಟಗೆ, ಪಾದ ನೆಲದ ಮೇಲೆ, ಹೆಗಲು ಸಡಿಲ. ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರು ತೆಗೆದುಕೊಳ್ಳಿರಿ, ಹೊಟ್ಟೆ ಮುಂದೆ ಬರಲಿ. ಆರು ಎಣಿಸುತ್ತ ಬಿಡಿರಿ. ತಡೆಹಿಡಿಯುವುದು ಬೇಡ. ಎಣಿಕೆಗೊಂದು ಸೆಕೆಂಡಿನಂತೆ ಹಿಡಿದರೆ ನಿಮಿಷಕ್ಕೆ ಆರು ಉಸಿರು. ಹತ್ತು ಉಸಿರಿಗೆ ಎರಡು ನಿಮಿಷವೂ ಬೇಡ. ಮೂರನೆಯ ಉಸಿರಿಗೇ ಮನಸ್ಸು ಸಾಲದ ಕಂತಿಗೋ ಮಗಳ ಮದುವೆಗೋ ಹೋಗಿರುತ್ತದೆ. ಅದನ್ನು ಬೈಯಬೇಡಿರಿ. ಕರು ಹಗ್ಗ ಬಿಚ್ಚಿಕೊಂಡು ಹೋದರೆ ಕರೆತಂದು ಮತ್ತೆ ಗೂಟಕ್ಕೆ ಕಟ್ಟುವುದಿಲ್ಲವೇ? ಹಾಗೆಯೇ ಇದೂ. ಹತ್ತು ಸಲ ಹೋದರೆ ಹತ್ತು ಸಲ ಕರೆತರುವುದೇ ಅಭ್ಯಾಸ. ಇದಕ್ಕೆ ಒಳ್ಳೆಯ ಹೊತ್ತೆಂದರೆ ಕೆಲಸದ ಸಂದುಗಳು: ಒಂದು ಕಡತ ಮುಚ್ಚಿ ಇನ್ನೊಂದನ್ನು ಬಿಚ್ಚುವ ಮುಂಚೆ, ನೇಕಾರನಾದರೆ ಕಡಿದ ಎಳೆಗೆ ಗಂಟು ಹಾಕಿ ಮತ್ತೆ ಮಗ್ಗ ನಡೆಸುವ ಮುಂಚೆ. ಕಂಪ್ಯೂಟರಿನ ಮುಂದೆ ಕೂರುವವರು ಆಗಾಗ ತಮ್ಮ ಹೆಗಲನ್ನೇ ನೋಡಿಕೊಳ್ಳಲಿ. ಅದು ಕಿವಿಯತ್ತ ಏರಿದ್ದರೆ ಉಸಿರು ಎದೆಯ ಮೇಲ್ಭಾಗದಲ್ಲಿಯೇ ಆಡುತ್ತಿದೆಯೆಂದು ತಿಳಿಯಬಹುದು.

ಮೂವರ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿ, ಅವನು ಬಳಲಿದಾಗ ಪ್ರಾಣಾಯಾಮ ಮಾಡಪ್ಪಾ ಎನ್ನುವ ಯಜಮಾನರಿದ್ದಾರೆ. ಅಂಥವರಿಗೆ ನಾವು ಹೇಳುವುದು, ಮೊದಲು ಇನ್ನಿಬ್ಬರನ್ನು ನೇಮಿಸಿರಿ.

ಕುಂಭಕವನ್ನು ಪುಸ್ತಕ ನೋಡಿ ಕಲಿಯಬಾರದು. ರಕ್ತದೊತ್ತಡ, ಹೃದಯದ ಬೇನೆ, ಉಬ್ಬಸ ಇದ್ದವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ತಲೆ ತಿರುಗಿದಂತಾದರೆ ಎಣಿಕೆ ಬಿಟ್ಟು ಎಂದಿನಂತೆ ಉಸಿರಾಡಿರಿ. ವಾಹನ ನಡೆಸುವವರು ಗಾಡಿ ನಿಲ್ಲಿಸಿದ ಮೇಲೆ ಮಾಡಲಿ. ಇನ್ನು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವನು ಕುಳಿತು ಉಸಿರು ಎಣಿಸತೊಡಗಿದರೆ ನಾಲ್ಕನೆಯ ಉಸಿರಿಗೆ ತೂಕಡಿಸುತ್ತಾನೆ. ಅವನಿಗೆ ಬೇಕಾದದ್ದು ನಿದ್ದೆ. ಮೊದಲು ಮನೆಗೆ ಹೋಗಿ ಮಲಗಲಿ.