ಮಾತ್ರೆ ಕಾರ್ಖಾನೆಯ ಫುಟ್‌ಬಾಲ್ ತಂಡ

ಆಸ್ಪಿರಿನ್ ಮಾತ್ರೆಯ ಹೆಸರು ಕೇಳದವರು ವಿರಳ. ಅದನ್ನು 1899ರಲ್ಲಿ ಮಾರುಕಟ್ಟೆಗೆ ತಂದ ಜರ್ಮನಿಯ ಬೇಯರ್ ಕಂಪನಿಗೆ ಹೆಸರಾಂತ ಫುಟ್‌ಬಾಲ್ ತಂಡವೊಂದೂ ಇದೆ, ಬೇಯರ್ ಲೆವರ್‌ಕೂಸೆನ್.

1903ರಲ್ಲಿ ವಿಲ್ಹೆಲ್ಮ್ ಹೌಶಿಲ್ಡ್ ಎಂಬ ನೌಕರ ಸುಮಾರು 170 ಸಹೋದ್ಯೋಗಿಗಳ ಸಹಿ ಪಡೆದು, ತಮಗೊಂದು ಕ್ರೀಡಾ ಸಂಘ ಬೇಕೆಂದು ಕಂಪನಿಗೆ ಅರ್ಜಿ ಸಲ್ಲಿಸಿದ. ಮರುವರ್ಷ ಸಂಘ ಹುಟ್ಟಿತು. 1907ರಲ್ಲಿ ಫುಟ್‌ಬಾಲ್ ಸೇರಿತು. ಬಣ್ಣದ ಕಾರ್ಖಾನೆ ಕಟ್ಟಿದ ಕಾರ್ಲ್ ಲೆವರ್‌ಕುಸ್‌ನ ಹೆಸರಿನ ಈ ಪಟ್ಟಣ ರೂಪುಗೊಂಡದ್ದೇ 1930ರಲ್ಲಿ. ಅಂದರೆ ಊರಿಗಿಂತ ಸಂಘಕ್ಕೇ ವಯಸ್ಸು ಹೆಚ್ಚು!

1979ರಲ್ಲಿ ತಂಡ ಪ್ರಥಮ ದರ್ಜೆಯ ಲೀಗ್‌ಗೆ ಏರಿತು. ಆದರೂ ಕಂಪನಿಯ ಹಣದಲ್ಲಿ ಆಡುವ 'ಕಾರ್ಖಾನೆ ತಂಡ' ಎಂಬ ಮೂದಲಿಕೆ ತಪ್ಪಲಿಲ್ಲ. ದುಡ್ಡಿದ್ದರೆ ಕಪ್ ತಾನಾಗಿ ಬರುತ್ತದೆಂಬ ಮಾತು ಇಲ್ಲಂತೂ ಸುಳ್ಳಾಯಿತು. 2000ದಲ್ಲಿ ಕೊನೆಯ ಪಂದ್ಯ ಡ್ರಾ ಆಗಿದ್ದರೂ ಲೀಗ್ ಪ್ರಶಸ್ತಿ ಕೈಸೇರುತ್ತಿತ್ತು. ಪುಟ್ಟ ಉಂಟರ್‌ಹಾಖಿಂಗ್ ತಂಡದೆದುರು 0-2ರಿಂದ ಸೋತರು. 2002ರಲ್ಲಿ ಇನ್ನೂ ಕಷ್ಟ: ಲೀಗ್‌ನಲ್ಲಿ ಎರಡನೆಯ ಸ್ಥಾನ, ಜರ್ಮನ್ ಕಪ್ ಹಾಗೂ ಚಾಂಪಿಯನ್ಸ್ ಲೀಗ್ ಎರಡರ ಫೈನಲ್‌ನಲ್ಲೂ ಸೋಲು.

ಅರ್ಜಿ ಬರೆದು 120 ವರ್ಷ ಕಳೆದ ಮೇಲೆ, 2024ರಲ್ಲಿ, ತರಬೇತುದಾರ ಷಾಬಿ ಅಲೋನ್ಸೊ ಕೈಕೆಳಗೆ ಲೀಗ್ ಪ್ರಶಸ್ತಿ ಮೊದಲ ಬಾರಿಗೆ ಒಲಿಯಿತು. 34 ಪಂದ್ಯಗಳಲ್ಲಿ 28 ಗೆಲುವು, 6 ಡ್ರಾ. ಸೋಲು ಒಂದೂ ಇಲ್ಲ.