ತುಂಬಲಾರದ ನಷ್ಟ, ಚದರಡಿಗೆ ಇಷ್ಟು

ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆ ಮುಟ್ಟುವಷ್ಟರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕು ನೋಡಿದಂತಾಗುತ್ತದೆ. ದಾರಿಯಲ್ಲಿ ವೃತ್ತ ಬಂದಲ್ಲೆಲ್ಲ ಫ್ಲೆಕ್ಸು. ಹುಟ್ಟುಹಬ್ಬದವನಿಗೆ ಹೃದಯಾಂತರಾಳದ ಶುಭಾಶಯ. ಡೇರಿ ನಿರ್ದೇಶಕರಾದವರಿಗೆ ಹೃತ್ಪೂರ್ವಕ ಅಭಿನಂದನೆ. ತೀರಿಕೊಂಡವರಿಗೆ ಭಾವಪೂರ್ಣ ಶ್ರದ್ಧಾಂಜಲಿ, ಜೊತೆಗೆ ‘ತುಂಬಲಾರದ ನಷ್ಟ’. ದೊಡ್ಡಬಳ್ಳಾಪುರದ ಡಿ.ಕ್ರಾಸ್‌ನಲ್ಲಿ ತುಂಬಲಾರದ್ದು ದೇವನಹಳ್ಳಿಯ ರಾಣಿ ಕ್ರಾಸ್‌ನಲ್ಲೂ ತುಂಬುವುದಿಲ್ಲ. ಹದಿನೈದು ದಿನ ಕಳೆದರೆ ಅದೇ ಚೌಕಟ್ಟಿನಲ್ಲಿ ಬೇರೆ ಮುಖ.

ಇದನ್ನು ಕಂಡು ‘ಈಗಿನವರಿಗೆ ಮಾತಿನ ಬೆಲೆ ಗೊತ್ತಿಲ್ಲ, ನಮ್ಮ ಹಿರಿಯರು ತೂಕ ಮಾಡಿ ಆಡುತ್ತಿದ್ದರು’ ಎಂದು ಗೊಣಗುವವರು ಬಹಳ ಮಂದಿ. ಹಿರಿಯರು ತೂಕ ಮಾಡಿ ಆಡುತ್ತಿದ್ದರೆಂಬುದನ್ನು ನಾನು ನಂಬಲಾರೆ. ಅವರ ಬೈಗುಳ ಕೇಳಿದವರು ಯಾರೂ ನಂಬಲಾರರು. ಆದರೆ ಈ ಫ್ಲೆಕ್ಸಿನ ಗದ್ಯ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನೆಲಮಂಗಲದ ಒಂದು ಹಳ್ಳಿಯವರೆಗೆ, ಸಾವಿರದ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳದ್ದು, ಅಚ್ಚಾದದ್ದು 1905ರಲ್ಲಿ. ಗ್ರಾಮಾಂತರವೆಂಬ ಬೇರೆ ಜಿಲ್ಲೆ ಆಗ ಇರಲಿಲ್ಲ. ಅದು ಹುಟ್ಟಿದ್ದು 1986ರಲ್ಲಿ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಕಲ್ಲುಗಳೆಲ್ಲ ಬೆಂಗಳೂರಿನ ಕಲ್ಲುಗಳ ಜೊತೆಗೇ ಆ ಸಂಪುಟದಲ್ಲಿವೆ. ವೀರಗಲ್ಲುಗಳ ಪಾಠಗಳನ್ನು ಸಾಲಾಗಿ ಓದಿದರೆ ಮೊದಲು ತಟ್ಟುವುದು ಅವುಗಳ ಬಿಗಿ. ಇಂಥ ಅರಸ ಆಳುತ್ತಿದ್ದಾಗ, ಇಂಥ ಊರಿನ ತುರುಗಳನ್ನು ಹೊಡೆದುಕೊಂಡು ಹೋಗುವಾಗ, ಇಂಥವನ ಮಗ ಇಂಥವನು ಕಾದಿ ಸತ್ತ. ಅಷ್ಟೆ. ಶೋಕವಿಲ್ಲ, ನಷ್ಟವಿಲ್ಲ, ಅಗಲಿಕೆಯಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಬೆಂಗಳೂರಿನ ಹೆಸರು ಮೊದಲು ಸಿಗುವ ಸುಮಾರು ಕ್ರಿ.ಶ. 890ರ ಕಲ್ಲೂ ಹೀಗೆಯೇ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟನಸೆಟ್ಟಿ ಸತ್ತನೆಂದು ಹೇಳಿ ಸುಮ್ಮನಾಗುತ್ತದೆ. ಮಗನನ್ನು ಕಳೆದುಕೊಂಡವನು ಸಾಮಾನ್ಯನಲ್ಲ, ನಾಡಾಳುತ್ತಿದ್ದವನು. ಆದರೂ ಒಂದು ವಿಶೇಷಣ ಇಲ್ಲ.

ವ್ಯಥೆ ಇರಲಿಲ್ಲವೆಂದು ಇದರರ್ಥವಲ್ಲ. ವ್ಯಥೆಗೆ ಬೇರೆ ಲೆಕ್ಕವಿತ್ತು. ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದರ ಹೆಸರು ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ. ಬೇಗೂರಿನದೇ ಇನ್ನೊಂದು ದೊಡ್ಡ ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರ ತುಂಬೆಪಾಡಿಯಲ್ಲಿ ಕಾದಿ ಸತ್ತ ಮೇಲೆ ಇರುಗನೆಂಬವನಿಗೆ ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ ಸಂಗತಿ ಅದರಲ್ಲಿದ್ದು, ಹಳ್ಳಿಗಳ ಹೆಸರು ಒಂದೊಂದಾಗಿ ಬಂದಿವೆ. ಸಂತಾಪ ಹಳ್ಳಿಯ ಲೆಕ್ಕದಲ್ಲಿ ಸಂದಾಯವಾಗುತ್ತಿದ್ದ ಕಾಲ. ಕಠೋರವಾದ ಮಾತು ಬೇಕಾದಾಗ ಅದೂ ಇತ್ತು, ಶಾಸನದ ಕೊನೆಯಲ್ಲಿ. ಈ ದತ್ತಿಯನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಎಂಬ ಶಾಪ. ಕೈಯಲ್ಲಿದ್ದ ಅತಿ ಭಾರದ ಮಾತನ್ನು ಅವರು ಸತ್ತವನ ಮೇಲಲ್ಲ, ಉಳಿದವರ ಹೊಲದ ಕಾವಲಿಗೆ ಖರ್ಚು ಮಾಡಿದರು.

ಆದರೆ ಇದು ಅರ್ಧ ಕಥೆ. ಉಳಿದರ್ಧಕ್ಕೆ ಮಣ್ಣೆಗೆ ಹೋಗಬೇಕು. ನೆಲಮಂಗಲ ತಾಲ್ಲೂಕಿನ ಈ ಹಳ್ಳಿ ಎಂಟನೇ ಶತಮಾನದಲ್ಲಿ ಮಾನ್ಯಪುರ, ಗಂಗ ಶ್ರೀಪುರುಷನ ರಾಜಧಾನಿ. ಇಲ್ಲಿ ತಾಮ್ರಪಟಗಳು ಸಿಕ್ಕಿವೆ. ತಾಮ್ರಪಟದ ಲೋಕ ವೀರಗಲ್ಲಿನದಲ್ಲ. ಅದು ಸಂಸ್ಕೃತದ್ದು, ಅರಮನೆಯದು, ಹೊಗಳಿಕೆಯದು. ಗಂಗರ ತಾಮ್ರಶಾಸನಗಳಲ್ಲಿ ಮೂಲಪುರುಷ ಕೊಂಗಣಿವರ್ಮ ಒಂದೇ ಕತ್ತಿಯೇಟಿಗೆ ದೊಡ್ಡ ಶಿಲಾಸ್ತಂಭವನ್ನು ತುಂಡರಿಸಿದ್ದು ಮತ್ತೆ ಮತ್ತೆ ಬರುತ್ತದೆ. ತಲೆಮಾರು ಬದಲಾಗುತ್ತದೆ, ಕೊಡುವ ಹಳ್ಳಿ ಬದಲಾಗುತ್ತದೆ, ಪಡೆಯುವವರು ಬದಲಾಗುತ್ತಾರೆ. ಆ ಕಂಬ ಮಾತ್ರ ಪ್ರತಿ ಸಲ ಹೊಸದಾಗಿ ತುಂಡಾಗುತ್ತದೆ. ಹೆಸರು, ಊರು, ತಿಥಿ ತುಂಬಿದರೆ ಸಾಕು, ಉಳಿದ ಸಾಲುಗಳು ಸಿದ್ಧ. ಹೊಗಳಿಸಿಕೊಳ್ಳುವವನೇ ತಾಮ್ರಕ್ಕೆ ಹಣ ಕೊಡುವಾಗ ಅಕ್ಷರಕ್ಕೆ ಜಿಪುಣತನವೇಕೆ?

ನಮ್ಮ ಫ್ಲೆಕ್ಸು ಈ ತಾಮ್ರಪಟದ ವಂಶದ್ದು. ವೀರಗಲ್ಲಿನ ಮೊಮ್ಮಗನಂತೆ ವೃತ್ತದಲ್ಲಿ ನಿಂತರೂ ಅದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸನ್ನು ಸರಿಯಾಗಿ ನೋಡಿ. ನಡುವೆ ಸತ್ತವರ ಮುಖ, ಕೆಳಗೆ ಸಾಲಾಗಿ ಬದುಕಿರುವವರ ಮುಖ. ಕೆಲವರು ಕೈಮುಗಿದಿರುತ್ತಾರೆ, ಕೆಲವರು ಮೊಬೈಲು ಕಿವಿಗಿಟ್ಟಿರುತ್ತಾರೆ. ಅದು ಯಾರ ಪಟ ಎಂಬುದು ಎಣಿಸಿದರೆ ತಿಳಿಯುತ್ತದೆ.

ಈಗ ಬಾಯಿಮಾತಿಗೆ ಬರೋಣ. ಬರಹ ಹೀಗೆ ಎರಡು ದಾರಿ ಹಿಡಿದಿದ್ದಾಗ ಹಳ್ಳಿಯ ಮಾತು ಏನು ಮಾಡುತ್ತಿತ್ತು? ಅದು ಯಾವತ್ತೂ ಮೇಲಿನ ಸ್ವರದಲ್ಲೇ ಇತ್ತು. ತೆಲುಗಿನ ‘ಶಾನಾ’ ಪಕ್ಕದಲ್ಲೇ ಬಾಳುವ ನಮ್ಮ ಸೀಮೆಯಲ್ಲಿ ಎಲ್ಲವೂ ‘ಶಾನೆ’, ಇಲ್ಲವೇ ‘ಬೋ’. ಬಿಸಿಲಿಗೆ ‘ಪ್ರಾಣ ಹೋಯ್ತು’, ನಗುವಿಗೆ ‘ಸತ್ತೋದೆ’, ಸಂತೆಯ ಟೊಮೆಟೊ ಬೆಲೆಗೆ ‘ಅನ್ಯಾಯ’. ಎರಡು ರೂಪಾಯಿಯ ಚೌಕಾಸಿಗೂ ‘ನನ್ ಮಕ್ಕಳಾಣೆ, ಅಸಲೇ ಹುಟ್ಟಲ್ಲ’. ಬೈಗುಳವಂತೂ ಯಮಲೋಕದ ದಫ್ತರು. ಕಳ್ಳಮೇವಿಗೆ ನುಗ್ಗಿದ ಮೇಕೆಗೆ ‘ನಿನ್ನ ಮಾರಿ ಹೊತ್ಕೊಂಡ್ ಹೋಗ’, ಕರೆದಾಗ ಓಗೊಡದ ಮಗನಿಗೆ ‘ನಿನ್ನ ಹೆಣ ಎತ್ತ’. ಹೆಣ ಎತ್ತಿಸಿದ ಬಾಯಿಯೇ ಮುಂದಿನ ಉಸಿರಲ್ಲಿ ‘ಮುದ್ದೆ ಆರ್ತೈತೆ, ಬಾರೋ’ ಎನ್ನುತ್ತಿತ್ತು. ಮಗ ಎರಡನ್ನೂ ಒಂದೇ ಸಮನಾಗಿ ಕೇಳಿಸಿಕೊಂಡು ಬಂದು ಉಣ್ಣುತ್ತಿದ್ದ.

ಅದೇ ತಾಯಿ ನಿಜವಾದ ಸಾವಿನೆದುರು ಹೇಗೆ ಮಾತಾಡುತ್ತಾಳೆ? ‘ಸತ್ತ’ ಎಂಬುದು ಬಾಯಿಗೆ ಬರುವುದಿಲ್ಲ. ‘ಹೋಗ್ಬುಟ್ರು.’ ‘ತೀರ್ಕಂಡ್ರು.’ ‘ಕಣ್ಣು ಮುಚ್ಕಂಡ್ರು.’ ದಿನಕ್ಕೆ ನಾಲ್ಕು ಸಲ ಮೇಕೆಯನ್ನು ಮಾರಿಗೆ ಒಪ್ಪಿಸುವವಳು ಸಾವು ಬಂದ ಮನೆಯಲ್ಲಿ ಸಾವಿನ ಹೆಸರೆತ್ತಳು. ಅಪಾಯವಿಲ್ಲದಲ್ಲಿ ದೊಡ್ಡ ಮಾತು, ಅಪಾಯವಿದ್ದಲ್ಲಿ ಸಣ್ಣ ಮಾತು ಎಂಬುದು ಅವಳ ಕಟ್ಟಳೆ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಮುರಿಯುತ್ತಿರಲಿಲ್ಲ. ಆದ್ದರಿಂದ ದಿನಬಳಕೆಯಲ್ಲಿ ಭಾವದ ಮಾತು ಅತಿಯಾಯಿತೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಅತಿ ಯಾವತ್ತೂ ಇತ್ತು. ಇಂದಿನ ಹುಡುಗರ ‘ಸಖತ್’, ‘ಭಯಂಕರ’, ‘ಬೆಂಕಿ ಗುರು’ ಆ ಸಾಲಿಗೇ ಸೇರಿದವು. ಅಜ್ಜಿಯ ಶಾಪದಲ್ಲಿ ಮನೆಗೆ ಬೀಳುತ್ತಿದ್ದ ಬೆಂಕಿ ಮೊಮ್ಮಗನ ಬಾಯಲ್ಲಿ ಬ್ಯಾಟಿಂಗಿಗೆ ಸಿಗುವ ಶಹಬ್ಬಾಸು. ಅದರಿಂದ ಯಾರ ಮನೆಯೂ ಸುಡುವುದಿಲ್ಲ.

ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದಿಲ್ಲವೇ, ಅಲ್ಲಿ ದೊಡ್ಡ ಮಾತಿಲ್ಲವೇ ಎಂದು ಕೇಳಬಹುದು. ಇದೆ. ‘ನನ್ನ ರಾಜ, ನನ್ನ ದೊರೆ’ ಎಂದೇ ಅದು ಏಳುವುದು. ಆದರೆ ಎರಡನೇ ಉಸಿರಿಗೇ ಅಳು ವಿವರಕ್ಕೆ ಇಳಿಯುತ್ತದೆ. ಘಾಟಿ ಜಾತ್ರೆಯಿಂದ ಹೊಡೆದುಕೊಂಡು ಬಂದ ಎತ್ತಿನ ಜೋಡಿ, ಮಗಳ ಮದುವೆಗೆ ಮಾರಿದ ಮರ, ಅರ್ಧಕ್ಕೆ ನಿಂತ ಮನೆ, ಯಾರೋ ಕೊಡಬೇಕಾದ ಬಾಕಿಯೂ ಸಹ. ಸಾಲ ತೀರಿಸದವನು ಅಂಗಳದಲ್ಲಿ ನಿಂತಿದ್ದರೆ ತಲೆ ತಗ್ಗಿಸುತ್ತಿದ್ದ. ಆ ದೊರೆ ಯಾವ ದೊರೆ ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಆ ಹಾಡನ್ನು ಪಕ್ಕದ ಮನೆಯ ಸಾವಿಗೆ ಹಾಗೆಯೇ ಎತ್ತಿಟ್ಟು ಹಾಡಲು ಬರುತ್ತಿರಲಿಲ್ಲ.

ಎತ್ತಿಡಬಹುದಾದ ದುಃಖ ಬಂದದ್ದು ತಂತಿಯ ಜೊತೆ. ಪದಕ್ಕೆ ಇಷ್ಟು ಎಂದು ದರವಿದ್ದ ಕಡೆ ಭಾವವೂ ಕುಗ್ಗಲೇಬೇಕು. ಶುಭಾಶಯದ ತಂತಿಗೆ ಇಲಾಖೆಯೇ ಸಿದ್ಧ ವಾಕ್ಯಗಳ ಪಟ್ಟಿ ಮಾಡಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿತ್ತು. ದೀಪಾವಳಿಗೆ ಒಂದು ಅಂಕಿ, ಮದುವೆಗೆ ಇನ್ನೊಂದು. ಕಳಿಸುವವನು ಅಂಕಿ ಬರೆದರೆ ಆಚೆ ತುದಿಯಲ್ಲಿ ಹಾರೈಕೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಕೆಟ್ಟ ಸುದ್ದಿಗೆ ಜನರೇ ಒಂದು ಸಿದ್ಧ ವಾಕ್ಯ ಮಾಡಿಕೊಂಡರು: ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ.’ ಸೈನ್ಯದಲ್ಲಿದ್ದ ಮಗನಿಗೆ ರಜೆ ಸಿಗಬೇಕಾದರೆ ತಾಯಿಗೆ ಸೀರಿಯಸ್ ಆಗಲೇಬೇಕು. ತಂಗಿಯ ಮದುವೆಗೂ ಆಗುತ್ತಿತ್ತು, ಜಮೀನು ಪಾಲಿಗೂ ಆಗುತ್ತಿತ್ತು. ಗಟ್ಟಿಮುಟ್ಟಾದ ತಾಯಂದಿರು ಕಾಗದದ ಮೇಲೆ ಎಷ್ಟು ಸಲ ಸಾಯಲು ಮಲಗಿದರೋ. ಕೊನೆಗೆ ಮೇಲಧಿಕಾರಿಗಳು ಆ ತಂತಿಯನ್ನು ನಂಬುವುದನ್ನೇ ಬಿಟ್ಟರು, ನಿಜವಾಗಿ ಸೀರಿಯಸ್ ಆದವಳ ಮಗನಿಗೂ ರಜೆ ಕಷ್ಟವಾಯಿತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಾಗ ಪತ್ರಿಕೆಗಳೆಲ್ಲ ಭಾವುಕವಾಗಿ ಬರೆದವು. ಈ ಸುಳ್ಳಿನ ಸೊಗಸನ್ನು ನೆನೆದವರು ಕಡಿಮೆ.

ಆಮೇಲೆ ದರದ ಲೆಕ್ಕ ತಲೆಕೆಳಗಾಯಿತು. ಬಟ್ಟೆ ಬ್ಯಾನರ್ ಬರೆಯುವ ಕಲಾವಿದರು ಅಕ್ಷರ ಎಣಿಸಿ ಹಣ ಕೇಳುತ್ತಿದ್ದುದು ನನಗೆ ನೆನಪಿದೆ. ‘ಭಾವಪೂರ್ಣ’ ಬೇಕೋ ಬೇಡವೋ ಎಂದು ಗಿರಾಕಿ ಒಂದು ಕ್ಷಣ ಯೋಚಿಸುತ್ತಿದ್ದ. ಫ್ಲೆಕ್ಸಿಗೆ ದರ ಚದರಡಿಯದು. ಹತ್ತು ಅಡಿ ಅಗಲ ಎಂಟು ಅಡಿ ಎತ್ತರದೊಳಗೆ ಒಂದು ಪದ ಹಾಕಿದರೂ ಅಷ್ಟೇ, ನೂರು ಪದ ಹಾಕಿದರೂ ಅಷ್ಟೇ. ಖಾಲಿ ಜಾಗ ಬಿಟ್ಟರೆ ನಷ್ಟವೆನ್ನಿಸತೊಡಗಿತು. ಅಂಗಡಿಯ ಕಂಪ್ಯೂಟರಿನಲ್ಲಿ ಮೋಡ, ಹೂವು, ದೀಪ, ‘ತುಂಬಲಾರದ ನಷ್ಟ’ ಎಲ್ಲ ಮೊದಲೇ ಕೂಡಿಸಿಟ್ಟ ಕಡತ ಇರುತ್ತದೆ. ಮುಖ ಅಂಟಿಸಿ, ಹೆಸರು, ಊರು, ದಿನಾಂಕ ತುಂಬಿದರೆ ಆಯಿತು. ಮಣ್ಣೆಯ ಬರೆಹಗಾರ ಬಂದು ನೋಡಿದರೆ ಕೆಲಸ ಕೂಡಲೇ ಅರ್ಥವಾಗುತ್ತಿತ್ತು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. ಆ ನಿಷೇಧ ಎಷ್ಟರಮಟ್ಟಿಗೆ ಜಾರಿಯಲ್ಲಿದೆ ಎಂಬುದನ್ನು ಯಾವುದೇ ತಾಲ್ಲೂಕು ಕಚೇರಿಯ ಎದುರಿನ ಕಂಬ ಹೇಳುತ್ತದೆ.

ಇದರ ಜೊತೆಗೆ ಇಪ್ಪತ್ತನಾಲ್ಕು ಗಂಟೆಯ ಸುದ್ದಿ ವಾಹಿನಿಗಳು. ಮಳೆ ಬಂದರೆ ರಣಭೀಕರ, ಅಪಘಾತವಾದರೆ ಮರಣಮೃದಂಗ, ಕಳ್ಳತನವಾದರೆ ಬೆಚ್ಚಿಬಿದ್ದ ನೆಲಮಂಗಲ. ಹೆದ್ದಾರಿಗಳ ಕವಲಿನಲ್ಲಿರುವ ನೆಲಮಂಗಲ ವಾರಕ್ಕೆರಡು ಸಲ ಬೆಚ್ಚಿಬೀಳುತ್ತದೆ. ಈಗ ಮೈಕು ಮುಂದಿಟ್ಟರೆ ಹಳ್ಳಿಯವರೂ ‘ಶಾನೆ ಒಳ್ಳೇ ಮನ್ಸ, ಹೋಗ್ಬುಟ್ರು’ ಎನ್ನುವುದನ್ನು ಬಿಟ್ಟು ‘ತುಂಬಲಾರದ ನಷ್ಟ ಸಾರ್’ ಎನ್ನುತ್ತಾರೆ. ಆ ತಾಯಿಯ ಕಟ್ಟಳೆ ಮುರಿದದ್ದು ಇಲ್ಲಿ. ಮೇಕೆಗೆ ಮೀಸಲಾಗಿದ್ದ ದೊಡ್ಡ ಮಾತು ಮನುಷ್ಯರ ಸಾವಿನ ಮನೆಗೆ ಬಂದು ಕೂತಿತು. ಅದೂ ಮೇಕೆಯ ಹೆಸರಿಲ್ಲದೆ, ಮನುಷ್ಯರ ವಿವರವಿಲ್ಲದೆ. ನನಗೆ ತಕರಾರಿರುವುದು ಇದೊಂದಕ್ಕೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಈ ಜಿಲ್ಲೆಯ ಊರೂರಿನಲ್ಲೂ ಫ್ಲೆಕ್ಸು ಎದ್ದವು. ಎಷ್ಟೋ ಕಡೆ ಅಂಗಡಿಯ ಅದೇ ಸಿದ್ಧ ಮೋಡ, ಅದೇ ಸಾಲು. ಕೆಲವೆಡೆ ಮಾತ್ರ ನಗುವ ಮುಖ, ಕೆಳಗೆ ‘ಅಪ್ಪು’ ಎಂಬ ಎರಡಕ್ಷರ. ಹಣ ಕೊಟ್ಟ ಆಟೋ ಸ್ಟ್ಯಾಂಡಿನ ಹುಡುಗರಿಗೆ ಬೇರೆ ಏನೂ ಬರೆಯಲು ತೋಚಿರಲಿಲ್ಲ.

ಭಾರದ ಮಾತು ತನ್ನ ಹಳೆಯ ಜಾಗದಲ್ಲೇ ನಿಂತ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವುದರ ವಿರುದ್ಧ ರೈತರು 2022ರ ಏಪ್ರಿಲ್ 4ರಂದು ಧರಣಿ ಕೂತರು. ‘ಪ್ರಾಣ ಕೊಟ್ಟೇವು, ಭೂಮಿ ಕೊಡೆವು’ ಎಂಬ ಜಾಡಿನ ಘೋಷಣೆಗಳು ರೈತ ಚಳವಳಿಯಲ್ಲಿ ಹಳೆಯವು. ಎಷ್ಟೋ ಮೆರವಣಿಗೆಯಲ್ಲಿ ಕೂಗಿ ಕೂಗಿ ನುಣುಪಾದವು. ಆದರೆ ಹೊಲ ಬಿಡೆವೆಂದವರು 1,198 ದಿನ ಬಿಸಿಲು ಮಳೆಯಲ್ಲಿ ಕೂತಾಗ ಮಾತು ನುಣುಪಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಹೇಳಿದರು. ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಪಡೆಯುವುದಾಗಿ ಅಂದೇ ಸೇರಿಸಿದರು. ಕವಿಲೆಯ ಶಾಪ ಕಾಯುತ್ತಿದ್ದದ್ದೂ ಹೊಲವನ್ನೇ.

ಇನ್ನು ವಾಟ್ಸ್ಯಾಪು. ಊರಿನ ಗುಂಪಿನಲ್ಲಿ ಸಾವಿನ ಸುದ್ದಿ ಬಿದ್ದರೆ ‘ಓಂ ಶಾಂತಿ’ಗಳ ಸಾಲು, ಕೈಮುಗಿದ ಚಿತ್ರಗಳ ಸಾಲು, ‘ನೋವು ಭರಿಸುವ ಶಕ್ತಿ ಭಗವಂತ ಕರುಣಿಸಲಿ’ ಎಂಬುದರ ಸಾಲು. ಬೆರಳು ಒತ್ತಿದರೆ ಫೋನೇ ಮುಂದಿನ ಪದ ತುಂಬಿಕೊಡುತ್ತದೆ. ಆ ಸಾಲುಗಳ ನಡುವೆ ಎಲ್ಲೋ ಒಬ್ಬ ‘ಮಣ್ಣು ಎಷ್ಟೊತ್ತಿಗೆ?’ ಎಂದು ಕೇಳಿರುತ್ತಾನೆ. ಕೇಳಿದವನು ಬರುವವನು. ಅವನ ಕೆಳಗೆ ಇನ್ನೊಬ್ಬ, ‘ವಿಜಯಪುರದ ಕಡೆಯಿಂದ ಯಾರ್ದಾದ್ರೂ ಗಾಡಿ ಹೊರಟೈತಾ? ನಾವು ಮೂರು ಜನ ಇದೀವಿ.’